ಕೈಗುಣ ಗೊತ್ತಾಗುವುದು ಜ್ವರದಲ್ಲಲ್ಲ, ಶುಗರಿನಲ್ಲಿ

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವನು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಅವ್ವನಿಗೆ 61 ವರ್ಷ. ಒಂಬತ್ತು ವರ್ಷದಿಂದ ಶುಗರ್, ನಾಲ್ಕು ವರ್ಷದಿಂದ ಬಿಪಿ. ಊರಲ್ಲಿ ಹಳೇ ಡಾಕ್ಟರೊಬ್ಬರಿದ್ದಾರೆ. ಸಂಜೆ ಅವರ ಕ್ಲಿನಿಕ್‌ನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಕೈಗುಣ ಚೆನ್ನಾಗಿದೆ ಎಂದು ಸುತ್ತಲಿನ ಕ್ಯಾಂಪು, ಹಳ್ಳಿಗಳಿಂದ ಜನ ಬರುತ್ತಾರೆ. ಹೋದ ಕೂಡಲೇ ಸೂಜಿ, ಸುಸ್ತು ಎಂದರೆ ಸಲಾಯನ್. ಅವ್ವನ ಪಾಲಿಗೆ ಅವರೇ ದೇವರು. ಎರಡು ವರ್ಷದ ಹಿಂದೆ ಒಬ್ಬ ಡಾಕ್ಟರಮ್ಮ ಹೊಸದಾಗಿ ಕ್ಲಿನಿಕ್ ತೆಗೆದಿದ್ದಾರೆ. ಅಲ್ಲಿ ಜನ ಕಡಿಮೆ. ಬಹಳ ಪ್ರಶ್ನೆ ಕೇಳಿದರು, ಟೆಸ್ಟ್ ಬರೆದರು, ಏಳು ಇದ್ದ ಗುಳಿಗೆಯನ್ನು ನಾಲ್ಕಕ್ಕೆ ಇಳಿಸಿದರು, ಸೂಜಿ ಬೇಡ ಎಂದರು. ‘ಸೂಜೀನ ಮಾಡಂಗಿಲ್ಲ, ಆಕಿ ಎಂಥಾ ಡಾಕ್ಟ್ರು’ ಎಂದು ಅವ್ವ ಮತ್ತೆ ಹಳಬರ ಹತ್ತಿರವೇ ಹೋಗುತ್ತಿದ್ದಾಳೆ. ಇತ್ತೀಚೆಗೆ ಕಾಲು ಜುಮುಜುಮು ಅನ್ನುತ್ತೆ ಅನ್ನುತ್ತಾಳೆ, ಹಿಮ್ಮಡಿಯೂ ಒಡೆದಿದೆ. ಡಾಕ್ಟರಿಕೆ ಓದದ ನಮ್ಮಂಥವರು ಯಾರ ಚಿಕಿತ್ಸೆ ಒಳ್ಳೆಯದು ಎಂದು ತಿಳಿಯುವುದು ಹೇಗೆ ಸರ್?

ಉತ್ತರ: ಪತ್ರ ಮುಗಿಸುವ ಹೊತ್ತಿಗೆ ನೀವು ಹಾಗೇ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ: ಕಾಲು ಜುಮುಜುಮು ಅನ್ನುತ್ತೆ, ಹಿಮ್ಮಡಿ ಒಡೆದಿದೆ. ನನ್ನ ಕಣ್ಣು ನಿಂತದ್ದು ಅಲ್ಲೇ. ನಿಮ್ಮ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸುತ್ತೇನೆ. ಆದರೆ ಮುಂದೆ ಓದುವ ಮೊದಲು ಅವ್ವನನ್ನು ಬೆಳಕಿಗೆ ಕೂರಿಸಿ ಎರಡೂ ಅಂಗಾಲು, ಬೆರಳ ಸಂದಿ, ಹಿಮ್ಮಡಿ ನೋಡಿ ಬನ್ನಿ. ಒಡೆದ ಕಡೆ ಕೀವು, ಬಾವು, ಕೆಂಪು, ಕಪ್ಪು ಏನೇ ಕಂಡರೂ ಉತ್ತರ ಆಮೇಲೆ ಓದಿದರಾಯಿತು. ಇವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ.

ಈಗ ಕೈಗುಣದ ಮಾತಿಗೆ ಬರೋಣ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಡಾಕ್ಟರನ್ನು ಅಳೆಯುವ ಕೋಲು ಇದೊಂದೇ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಕಡೆಯ ಕೆಲವು ವರ್ಷ ಆಸ್ಪತ್ರೆ, ಕ್ಲಿನಿಕ್‌ಗಳ ತಪಾಸಣೆಯನ್ನೇ ಮಾಡಿಕೊಂಡಿದ್ದವನು ನಾನು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜನ ಸುಳ್ಳು ಹೇಳುವುದಿಲ್ಲ. ಹೋದೆವು, ಔಷಧ ತಗೊಂಡೆವು, ಆರಾಮಾಯಿತು ಎಂದು ಕಂಡದ್ದನ್ನೇ ಹೇಳುತ್ತಾರೆ. ತೊಡಕಿರುವುದು ಯಾವ ಕಾಯಿಲೆಗೆ ಹೋದಾಗ ಆರಾಮಾಯಿತು ಎಂಬಲ್ಲಿ.

ನೆಗಡಿ, ವೈರಲ್ ಜ್ವರ, ಸಾಧಾರಣ ಭೇದಿ, ನಾಟಿ ಮಾಡಿ ಬಂದ ಮೈಕೈ ನೋವು, ಇವೆಲ್ಲ ಮೂರರಿಂದ ಏಳು ದಿನದಲ್ಲಿ ತಾವಾಗಿಯೇ ಇಳಿಯುತ್ತವೆ. ನಮ್ಮ ಜನ ಮೊದಲೆರಡು ದಿನ ಕಷಾಯ, ಮೆಡಿಕಲ್ ಶಾಪಿನ ಗುಳಿಗೆಯಲ್ಲಿ ಕಳೆಯುತ್ತಾರೆ. ಮೂರನೇ ದಿನ ತಡೆಯಲಾಗದೆ ಡಾಕ್ಟರ ಹತ್ತಿರ ಹೋಗುತ್ತಾರೆ. ಜ್ವರ ಹೇಗೂ ನಾಲ್ಕನೆಯದೋ ಐದನೆಯದೋ ದಿನ ಬಿಡುವಂಥದ್ದು. ಬಿಟ್ಟಾಗ ಹೆಸರು ಬರುವುದು ಸೂಜಿಗೆ. ಹೀಗೆ ಇಪ್ಪತ್ತು ವರ್ಷ ನಡೆದರೆ ಯಾವ ಡಾಕ್ಟರಿಗಾದರೂ ಕೈಗುಣದ ಹೆಸರು ಬರುತ್ತದೆ, ಅವರು ಒಳ್ಳೆಯ ವೈದ್ಯರಾಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತಾನಾಗಿ ವಾಸಿಯಾಗುವ ಕಾಯಿಲೆಯಲ್ಲಿ ಒಳ್ಳೆಯ ಡಾಕ್ಟರಿಗೂ ಸಾಧಾರಣ ಡಾಕ್ಟರಿಗೂ ವ್ಯತ್ಯಾಸ ಕಾಣುವುದೇ ಇಲ್ಲ. ಕ್ಲಿನಿಕ್ ಹೇಗಿದೆ ಎಂದು ನೋಡಬೇಕಾದರೆ ತಾನಾಗಿ ವಾಸಿಯಾಗದ ಕಾಯಿಲೆಯನ್ನು ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಎಂದು ನೋಡಬೇಕು. ನಿಮ್ಮ ಅವ್ವನ ಶುಗರ್, ಬಿಪಿ ಅಂಥವೇ. ಹಾಗಾಗಿ ಉತ್ತರ ನಿಮ್ಮ ಮನೆಯಲ್ಲೇ, ಅವ್ವನ ಹಳೇ ಚೀಟಿಗಳ ಕಟ್ಟಿನಲ್ಲೇ ಇದೆ.

1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಚಿಕಿತ್ಸೆಯ ಗುಣಮಟ್ಟಕ್ಕೆ ಮೂರು ಮುಖ ಎಂದು ಬರೆದರು. ದವಾಖಾನೆಯಲ್ಲಿ ಏನೇನಿದೆ, ಅಲ್ಲಿ ರೋಗಿಗೆ ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ಇವತ್ತಿಗೂ ತಪಾಸಣೆಗಳೆಲ್ಲ ಈ ಮೂರರ ಮೇಲೆಯೇ ನಿಂತಿವೆ. ನಮ್ಮ ಜನ ಮೊದಲನೆಯದನ್ನು ನೋಡುತ್ತಾರೆ: ಕಟ್ಟಡ, ಎಸಿ, ಮಷೀನು. ಕೊನೆಯದನ್ನೂ ನೋಡುತ್ತಾರೆ: ಆರಾಮಾಯಿತೋ ಇಲ್ಲವೋ. ನಡುವಿನದನ್ನು ನೋಡುವವರು ಕಡಿಮೆ. ಒಳಗೆ ಆ ಎರಡು, ಐದು, ಹತ್ತು ನಿಮಿಷದಲ್ಲಿ ಏನು ನಡೆಯಿತು ಎಂಬುದೇ ನನ್ನ ಮಟ್ಟಿಗೆ ದೊಡ್ಡದು. ಅದನ್ನು ನೋಡಲು ಡಾಕ್ಟರಿಕೆ ಓದಬೇಕಿಲ್ಲ.

ಮೊದಲು ನಿಮಿಷದ ಲೆಕ್ಕ. ನೀವು ಲೆಕ್ಕ ಬರೆಯುವವರು, ಬೇಗ ಹಿಡಿಯುತ್ತೀರಿ. ಸಂಜೆ ಐದರಿಂದ ಒಂಬತ್ತರವರೆಗೆ ಒಬ್ಬರೇ ಡಾಕ್ಟರು 120 ಜನರನ್ನು ನೋಡಿದರೆ ಒಬ್ಬರಿಗೆ ಎರಡು ನಿಮಿಷ. ಅವ್ವ ಒಳಗೆ ಬಂದು, ಕುರ್ಚಿ ಹಿಡಿದು ಕುಳಿತು, ಸೆರಗು ಸರಿ ಮಾಡಿಕೊಂಡು ‘ಏನಿಲ್ಲ ಸಾಹೇಬ್ರ, ಕಾಲು...’ ಅನ್ನುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ಉಳಿದ ಒಂದೂವರೆ ನಿಮಿಷದಲ್ಲಿ ಒಂಬತ್ತು ವರ್ಷದ ಶುಗರ್ ನೋಡಲು ಯಾರಿಂದಲೂ ಆಗುವುದಿಲ್ಲ, ಎಂಥ ಜಾಣರಾದರೂ ಅಷ್ಟೇ. ದೆಹಲಿಯಲ್ಲಿ ಜಿಷ್ಣು ದಾಸ್ ಮತ್ತು ಜೆಫ್ರಿ ಹ್ಯಾಮರ್ ಎಂಬ ಅರ್ಥಶಾಸ್ತ್ರಜ್ಞರು ವೈದ್ಯರಿಗೆ ಮೊದಲು ಪ್ರಶ್ನೆ ಹಾಕಿ ಎಷ್ಟು ಗೊತ್ತು ಎಂದು ಅಳೆದರು, ಆಮೇಲೆ ಅವರ ಕ್ಲಿನಿಕ್‌ನಲ್ಲೇ ಕುಳಿತು ಏನು ಮಾಡುತ್ತಾರೆ ಎಂದು ನೋಡಿದರು. ಗೊತ್ತಿದ್ದದ್ದಕ್ಕಿಂತ ಮಾಡಿದ್ದು ಬಹಳ ಕಡಿಮೆ ಇತ್ತು. ಗೋಡೆ ಮೇಲಿನ ಡಿಗ್ರಿ ಡಾಕ್ಟರಿಗೆ ಏನು ಗೊತ್ತು ಎಂದು ಹೇಳುತ್ತದೆ. ನಿಮ್ಮ ಅವ್ವನಿಗೆ ಏನು ಮಾಡಿದರು ಎಂದು ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಬಿಪಿ ನೋಡುವುದನ್ನೇ ತಗೊಳ್ಳಿ. ಒಂದು ಖಾಸಗಿ ಕ್ಲಿನಿಕ್‌ಗೆ ತಪಾಸಣೆಗೆ ಹೋಗಿದ್ದೆ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ಮೆಟ್ಟಿಲು ಹತ್ತಿದ ಒಬ್ಬ ತಾಯಿಯನ್ನು ಬೆಂಚಿನ ತುದಿಯಲ್ಲಿ ಕೂರಿಸಿ ಕಂಪೌಂಡರ್ ಹುಡುಗ ರವಿಕೆಯ ತೋಳಿನ ಮೇಲೆಯೇ ಪಟ್ಟಿ ಸುತ್ತಿದ. ಕೈ ಕೆಳಗೆ ಜೋತು ಬಿದ್ದಿತ್ತು. ಆಕೆ ಪಕ್ಕದವರ ಜೊತೆ ಮಾತಾಡುತ್ತಲೇ ಇದ್ದರು. ಮಷೀನು ಬಿಪಿಯ ಮೇಲಿನ ಅಂಕಿ 168 ತೋರಿಸಿತು, ಹುಡುಗ ಚೀಟಿಯ ಮೇಲೆ ಬರೆದ, ಒಳಗೆ ಡಾಕ್ಟರು ಆ ಅಂಕಿ ನೋಡಿ ಇನ್ನೊಂದು ಗುಳಿಗೆ ಸೇರಿಸಿದರು. ನಾನು ಆಕೆಯನ್ನು ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿದೆ. ಪಾದ ನೆಲಕ್ಕೆ ಊರಿಸಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಿಸಿ, ಬರೀ ತೋಳಿಗೆ ಪಟ್ಟಿ ಕಟ್ಟಿಸಿ ಮತ್ತೆ ನೋಡಿಸಿದೆ. 144 ಬಂತು. ಅದೇ ಮಷೀನು, ಅದೇ ತಾಯಿ. ಮೊದಲನೇ ಅಂಕಿಯನ್ನು ನಂಬಿ ಬರೆದ ಗುಳಿಗೆ ನುಂಗಿ ಆಕೆ ಬೆಳಗಿನ ಜಾವ ತಲೆ ತಿರುಗಿ ಬಚ್ಚಲಲ್ಲಿ ಬಿದ್ದಿದ್ದರೆ ಬಿಸಿಲಿನ ಸುಸ್ತು ಎಂದು ಸಲಾಯನ್ ಹಚ್ಚುತ್ತಿದ್ದರು. ಅವ್ವನ ಜೊತೆ ಹೋದಾಗ ಇಷ್ಟನ್ನು ನೋಡಿ: ಕೂರಿಸಿ ನೋಡಿದರೇ, ಜಾಸ್ತಿ ಬಂದರೆ ಇನ್ನೊಮ್ಮೆ ನೋಡಿದರೇ, ಹೋದ ಸಲ ಎಷ್ಟಿತ್ತು ಎಂದು ಹಿಂದಿನ ಹಾಳೆ ತಿರುವಿದರೇ. ಶುಗರ್ ಇರುವವರಲ್ಲಿ 130/80ರ ಹತ್ತಿರ ತರಲು ನೋಡುತ್ತಾರೆ. ವಯಸ್ಸು, ತಲೆಸುತ್ತು ನೋಡಿಕೊಂಡು ಸ್ವಲ್ಪ ಸಡಿಲ ಬಿಡುವುದೂ ಉಂಟು.

ಶುಗರಿಗೆ ಬರೋಣ. ಬೆರಳು ಚುಚ್ಚಿ ನೋಡಿದ ಅಂಕಿ ಆ ಹೊತ್ತಿನದು ಮಾತ್ರ. ಡಾಕ್ಟರ ಹತ್ತಿರ ಹೋಗುವ ಹಿಂದಿನ ಎರಡು ದಿನ ಅನ್ನ ಬಿಟ್ಟು ರೊಟ್ಟಿ ತಿಂದರೆ ಅದು ಇಳಿದಿರುತ್ತದೆ, ಬಹಳ ಮಂದಿ ಹಾಗೆ ಮಾಡುತ್ತಾರೆ ಕೂಡ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಸಕ್ಕರೆ ಅಂಟಿಕೊಳ್ಳುವ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ ಆದ್ದರಿಂದ ಎರಡು ದಿನದ ಪಥ್ಯ ಇಲ್ಲಿ ನಡೆಯುವುದಿಲ್ಲ. ಹತೋಟಿಗೆ ಬರುವವರೆಗೆ ಮೂರು ತಿಂಗಳಿಗೊಮ್ಮೆ, ಬಂದ ಮೇಲೆ ಆರು ತಿಂಗಳಿಗೊಮ್ಮೆ ಇದು ಆಗಬೇಕು. 7ರ ಆಸುಪಾಸು ಇದ್ದರೆ ಬಹುತೇಕ ಜನರಿಗೆ ಒಳ್ಳೆಯದು, ವಯಸ್ಸಾದವರಿಗೆ 8ರವರೆಗೂ ಬಿಡುತ್ತಾರೆ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಬಹಳ. ಕಬ್ಬಿಣದ ಅಂಶ ಕಡಿಮೆ ಇದ್ದವರಲ್ಲಿ ಈ ಅಂಕಿ ಇರುವುದಕ್ಕಿಂತ ಮೇಲೆ ತೋರಿಸಬಹುದು. ಅದರ ಜೊತೆ ಹಿಮೋಗ್ಲೋಬಿನ್ ಕೂಡ ಬರೆದ ಡಾಕ್ಟರು ಯೋಚನೆ ಮಾಡಿ ಬರೆದಿದ್ದಾರೆ ಎಂದೇ ಅರ್ಥ.

ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿ ಒಳಗಿನ ಪರದೆ ನೋಡಿಸಬೇಕು. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ ಕಿಡ್ನಿ ಹೇಗಿದೆ ತಿಳಿಯಬೇಕು. ಅವ್ವನ ಚೀಟಿಗಳ ಕಟ್ಟನ್ನು ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಿ. ಒಂಬತ್ತು ವರ್ಷದಲ್ಲಿ ಇವು ಎಷ್ಟು ಸಲ ಆಗಿವೆ? ಒಮ್ಮೆಯೂ ಆಗಿಲ್ಲದಿದ್ದರೆ ಆ ಕ್ಲಿನಿಕ್‌ನಲ್ಲಿ ಅವ್ವನ ಶುಗರಿಗೆ ಚಿಕಿತ್ಸೆ ನಡೆದೇ ಇಲ್ಲ, ಗುಳಿಗೆ ಮಾರಾಟ ನಡೆದಿದೆ. ಮಾತು ಕಟುವಾಯಿತು, ಆದರೂ ಹಾಗೇ ಇರಲಿ.

ಇನ್ನು ಪಾದ. ನಮ್ಮ ಕಡೆ ರೋಗಿಗಳು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬರುತ್ತಾರೆ. ಪಾದ ಬರಿದಾಗಿಯೇ ಡಾಕ್ಟರ ಮೇಜಿನ ಕೆಳಗೆ ಇರುತ್ತದೆ. ಬಗ್ಗಿ ನೋಡುವವರು ಎಷ್ಟು ಮಂದಿ? ಶುಗರ್ ಹಳೆಯದಾದಂತೆ ಕಾಲಿನ ನರಗಳು ಸೊರಗುತ್ತವೆ. ಮೊದಲು ಜುಮುಜುಮು, ಉರಿ, ಆಮೇಲೆ ಏನೂ ಗೊತ್ತಾಗದ ಸ್ಥಿತಿ. ಗದ್ದೆಯಲ್ಲಿ ಕೂಳೆ ಚುಚ್ಚಿದರೂ, ಚಪ್ಪಲಿಯ ಮೊಳೆ ಒತ್ತಿದರೂ ನೋವಿರುವುದಿಲ್ಲ, ನೋವಿಲ್ಲದ್ದಕ್ಕೇ ಯಾರೂ ನೋಡಿಕೊಳ್ಳುವುದಿಲ್ಲ. ರಾಯಚೂರು ಜಿಲ್ಲೆಯ ಆರೋಗ್ಯ ಕೇಂದ್ರದಲ್ಲಿದ್ದಾಗ ಒಬ್ಬ ರೈತರ ಹಿಮ್ಮಡಿಯ ಬಿರುಕಿನಿಂದ ಭತ್ತದ ಕೂಳೆಯ ಚೂರನ್ನು ಚಿಮಟದಲ್ಲಿ ತೆಗೆದಿದ್ದೇನೆ. ಅದು ಒಳಗೆ ಹೊಕ್ಕು ಎಷ್ಟು ದಿನವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ. ನಾನು ತೆಗೆಯುವಾಗಲೂ ಅವರು ಬೆಳೆಯ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಪಾದ ಪರೀಕ್ಷೆಗೆ ಬೇಕಾದದ್ದು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಇಲ್ಲವೇ ತಟ್ಟಿ ಮೂಳೆಗೆ ಹಿಡಿಯುವ ಕಂಪನದ ಕವಲು (ಟ್ಯೂನಿಂಗ್ ಫೋರ್ಕ್), ಎರಡು ನಿಮಿಷದ ಸಮಯ. ನಿಮ್ಮ ಊರಿನ ಎರಡು ಕ್ಲಿನಿಕ್‌ಗಳಲ್ಲಿ ಯಾರು ಅವ್ವನ ಪಾದ ಮುಟ್ಟಿ ನೋಡಿದ್ದಾರೆ? ಒಂದೇ ಪ್ರಶ್ನೆ ಕೇಳಲು ನನಗೆ ಅವಕಾಶ ಕೊಟ್ಟರೆ ಇದನ್ನೇ ಕೇಳುತ್ತೇನೆ.

ಸೂಜಿ, ಸಲಾಯನ್ ಬಗ್ಗೆ ಅವ್ವನಿಗೆ ಇರುವ ನಂಬಿಕೆಯನ್ನು ನಾನು ತಪ್ಪೆನ್ನುವುದಿಲ್ಲ, ಅದನ್ನು ಬೆಳೆಸಿದವರು ನಾವು ಡಾಕ್ಟರುಗಳೇ. ಸೇವೆಗೆ ಸೇರಿದ ಹೊಸದರಲ್ಲಿ ನಾನೂ ಜನ ಕೇಳಿದರೆಂದು ಬಿ-ಕಾಂಪ್ಲೆಕ್ಸ್ ಸೂಜಿ ಮಾಡಿದ್ದೇನೆ. ಅದರ ಬಗ್ಗೆ ಇವತ್ತಿಗೂ ನನಗೆ ನೋವಿದೆ. ಮೈಕೈ ನೋವಿಗೆ ಕೊಡುವ ಸೂಜಿಯಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್ ಎಂಬ ನೋವು ನಿವಾರಕ, ಕೆಲವು ಕಡೆ ಅದರ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಸ್ಟೀರಾಯ್ಡ್ ಬಿದ್ದ ದಿನ ಮೈ ಹಗುರ, ಹಸಿವು ಚೆನ್ನಾಗಿ, ನಿದ್ದೆ ಕಡಿಮೆಯಾದರೂ ಉಲ್ಲಾಸ. ಕೈಗುಣ ಅನ್ನಿಸುವುದು ಇಲ್ಲಿಯೇ. ಅದೇ ಔಷಧ ಸಕ್ಕರೆಯನ್ನು ಏರಿಸುತ್ತದೆ. ಡೈಕ್ಲೋಫೆನಾಕ್ ಬಿಪಿಯನ್ನು ಏರಿಸುತ್ತದೆ, ಮೊದಲೇ ಸೊರಗಿದ ಕಿಡ್ನಿಗೆ ಇನ್ನಷ್ಟು ಹೊಡೆತ ಕೊಡುತ್ತದೆ. ಡಾಕ್ಟರಮ್ಮ ಸೂಜಿ ಬೇಡ ಎಂದದ್ದು ಇದೇ ಕಾರಣಕ್ಕೆ ಇರಬೇಕು.

ಸಲಾಯನ್ ಲೆಕ್ಕವನ್ನೂ ಹಾಕೋಣ. 500 ಮಿಲಿ ಬಾಟಲಿಯ 5 ಪರ್ಸೆಂಟ್ ಗ್ಲೂಕೋಸ್‌ನಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಶುಗರ್ ಇರುವ ಅವ್ವನ ರಕ್ತನಾಳಕ್ಕೆ ನೇರ ಹೋಗುವ ಸಕ್ಕರೆ ಅದು. ಶುಗರ್ ಇದೆ ಎಂದು ಉಪ್ಪಿನ ಸಲಾಯನ್ ಹಚ್ಚಿದರೆ ಅಷ್ಟೇ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ದಿನವಿಡೀ ಊಟದಲ್ಲಿ 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಬಿಪಿ ಇರುವವರಿಗೆ ಒಂದು ತಾಸಿನಲ್ಲಿ ಅಷ್ಟು ಉಪ್ಪು. ವಾಂತಿ ನಿಲ್ಲದವರಿಗೆ, ನೀರು ಕುಡಿಯಲಾಗದವರಿಗೆ, ರಕ್ತ ಹೋದವರಿಗೆ, ಬಿಪಿ ಕುಸಿದವರಿಗೆ ಸಲಾಯನ್ ಜೀವ ಉಳಿಸುತ್ತದೆ. ಬಾಯಿಂದ ಕುಡಿಯಬಲ್ಲವರಿಗೆ ಬರೀ ಸುಸ್ತಿಗೆ ಅದು ಬೇಕಿಲ್ಲ. ಸಲಾಯನ್ ಎಂದರೆ ಬರೀ ನೀರಲ್ಲವೇ, ಏನಾಗುತ್ತದೆ ಎನ್ನುವವರು ಬಳ್ಳಾರಿಯನ್ನು ನೆನೆಯಬೇಕು. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯನ್ ಮೇಲೆಯೇ. ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ರಕ್ತಕ್ಕೆ ನೇರ ಹೋಗುವ ಯಾವುದೂ ಸಣ್ಣದಲ್ಲ. ಸೂಜಿ ಮಾಡಲೇಬೇಕಾದಾಗಲೂ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಬೇಕು, ಬಳಸಿದ ಸೂಜಿ ಬಿಳಿ ಬಣ್ಣದ ಗಟ್ಟಿ ಡಬ್ಬಿಗೆ ಬೀಳಬೇಕು.

ಟೆಸ್ಟ್ ಬರೆದರು ಎಂಬುದನ್ನು ನೀವು ದೂರಿನಂತೆ ಬರೆದಿದ್ದೀರಿ. ಟೆಸ್ಟ್ ಬರೆಯುವುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ‘ಇದರಿಂದ ಏನು ಗೊತ್ತಾಗುತ್ತದೆ, ಗೊತ್ತಾದರೆ ಔಷಧ ಬದಲಾಗುತ್ತದೆಯೇ?’ ಎಂದು ಕೇಳಿ. ನೆಟ್ಟಗೆ ಉತ್ತರ ಬಂದರೆ ಸರಿ. ‘ಅದೇ ಲ್ಯಾಬಿನಲ್ಲೇ ಮಾಡಿಸಿ’ ಎಂದು ಹಟ ಹಿಡಿದರೆ ಎಚ್ಚರ. ಟೆಸ್ಟಿಗೆ, ಸ್ಕ್ಯಾನಿಗೆ ಕಮಿಷನ್ ತೆಗೆದುಕೊಳ್ಳುವುದನ್ನು ವೈದ್ಯರ 2002ರ ನಡತೆ ನಿಯಮಗಳೇ ನಿಷೇಧಿಸಿವೆ. ನಮ್ಮ ಸೀಮೆಯಲ್ಲಿ ದುರುಪಯೋಗವಾಗುವ ಟೆಸ್ಟ್ ಯಾವುದು ಎಂದರೆ ಟೈಫಾಯ್ಡ್ ಪತ್ತೆಗೆಂದು ಮಾಡುವ ವಿಡಾಲ್ ರಕ್ತಪರೀಕ್ಷೆ. ಜ್ವರ ಬಂದ ಎರಡನೇ ದಿನಕ್ಕೆ ವಿಡಾಲ್ ಮಾಡಿಸಿ ‘ಟೈಫಾಯ್ಡ್ ಇದೆ’ ಎಂದು ಹೇಳಿ ಐದು ದಿನ ಸಲಾಯನ್, ಸೂಜಿ. ಟೈಫಾಯ್ಡ್ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಏರಲು ಒಂದು ವಾರವಾದರೂ ಬೇಕು. ಹಿಂದೆಂದೋ ಬಂದು ಹೋದ ಟೈಫಾಯ್ಡ್‌ನಿಂದಲೂ, ಲಸಿಕೆಯಿಂದಲೂ ವಿಡಾಲ್ ಪಾಸಿಟಿವ್ ತೋರಿಸುತ್ತದೆ. ಅನುಮಾನವಿದ್ದರೆ ಆಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತದ ಕಲ್ಚರ್ ಮಾಡಿಸುವುದು ಸರಿಯಾದ ದಾರಿ. ಎರಡನೇ ದಿನದ ವಿಡಾಲ್ ನಂಬಿ ಸಲಾಯನ್ ಹಚ್ಚುವ ಕ್ಲಿನಿಕ್‌ಗೆ ನಾನು ನನ್ನ ಮನೆಯವರನ್ನು ಕಳಿಸುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಕ್ಲಿನಿಕ್ ಎಂದ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿ ನೋಂದಣಿ ಪತ್ರ ಕಾಣುವಂತೆ ತೂಗುಹಾಕಿರಬೇಕು, ಫೀಸಿನ ಪಟ್ಟಿ ಇರಬೇಕು. ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ನೀವೇ ಮೊಬೈಲಿನಲ್ಲಿ ಹುಡುಕಿಕೊಳ್ಳಬಹುದು. ಚೀಟಿ ಓದುವಂತಿರಬೇಕು. ಒಳರೋಗಿಯಾಗಿ ಸೇರಿದ್ದರೆ ನೀವು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ ನಿಯಮವಿದೆ. ಸಂಖ್ಯೆಯೇ ಇಲ್ಲದ ಚೀಟಿ, ಇಲ್ಲವೇ ಚೀಟಿಯನ್ನೇ ಕೊಡದೆ ಪುಡಿಕೆ ಕಟ್ಟಿ ಕೊಡುವ ಕಡೆ ಕಾಲಿಡಬೇಡಿ. ನಮ್ಮ ಹಳ್ಳಿಗಳಲ್ಲಿ ಆರ್‌ಎಂಪಿ ಡಾಕ್ಟರು ಎಂದು ಕರೆಸಿಕೊಳ್ಳುವವರಲ್ಲಿ ಬಹುತೇಕರಿಗೆ ಯಾವ ನೋಂದಣಿಯೂ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆಯುವವರು, ದುಡ್ಡಿಲ್ಲದಿದ್ದರೆ ಬರೆದಿಟ್ಟುಕೊಳ್ಳುವವರು ಅವರೊಬ್ಬರೇ ಎಂಬುದು ನನಗೆ ಗೊತ್ತು. ಆ ಉಪಕಾರವನ್ನು ಜನ ಮರೆಯುವುದಿಲ್ಲ. ಆದರೆ ಒಂಬತ್ತು ವರ್ಷದ ಶುಗರನ್ನು ಅವರ ಕೈಗೆ ಕೊಡುವಂತಿಲ್ಲ.

ಈಗ ಡಾಕ್ಟರಮ್ಮನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಏಳು ಗುಳಿಗೆಯನ್ನು ನಾಲ್ಕಕ್ಕೆ ಇಳಿಸಿದ್ದು, ಪ್ರಶ್ನೆ ಕೇಳಿದ್ದು, ಸೂಜಿ ನಿಲ್ಲಿಸಿದ್ದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಆದರೆ ಅವ್ವ ವಾಪಸು ಹೋದಳಲ್ಲ, ಅದರಲ್ಲಿ ಅವರ ಪಾಲೂ ಇದೆ. ಸೂಜಿ ಏಕೆ ಬೇಡ ಎಂದು ಅವ್ವನಿಗೆ ಅವ್ವನ ಮಾತಿನಲ್ಲೇ ತಿಳಿಸಿದ್ದರೆ ಅವ್ವ ಹಾಗೆ ಅನ್ನುತ್ತಿರಲಿಲ್ಲ. ತಿಳಿಸಿ ಹೇಳುವುದೂ ಚಿಕಿತ್ಸೆಯೇ. ಮುಂದಿನ ಸಲ ಯಾರ ಹತ್ತಿರ ಹೋದರೂ ಅವ್ವ ಹೊರಗೆ ಬಂದ ಮೇಲೆ ಬೇವಿನ ಮರದ ನೆರಳಲ್ಲಿ ಕೂರಿಸಿ ಕೇಳಿ: ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ, ಯಾವುದು ಯಾತಕ್ಕೆ, ಮತ್ತೆ ಯಾವಾಗ ಬರಬೇಕು, ಏನಾದರೆ ಕಾಯದೆ ಬರಬೇಕು. ಅವ್ವನಿಗೆ ಓದಲು ಬರದಿದ್ದರೂ ‘ಬಿಳೀದು ಮುಂಜಾನೆ ಉಣ್ಣಾಕ ಮೊದ್ಲು, ಗುಲಾಬಿದು ರಾತ್ರಿ’ ಎಂದು ಹೇಳಿದರೆ ಒಳಗೆ ಕೆಲಸ ಸರಿಯಾಗಿ ನಡೆದಿದೆ.

ಇನ್ನೊಂದು ಸಣ್ಣ ಪ್ರಶ್ನೆಯಲ್ಲಿ ಡಾಕ್ಟರ ಗಮನ ಎಷ್ಟು ಆಳ ಎಂದು ತಿಳಿಯುತ್ತದೆ. ‘ಅಮ್ಮಾ, ವಾರ ಮಾಡ್ತೀರೇನು?’ ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಶ್ರಾವಣ ಪೂರ್ತಿ ಒಪ್ಪತ್ತು ಇರುವ ತಾಯಂದಿರು ನಮ್ಮಲ್ಲಿ ಮನೆಗೊಬ್ಬರು. ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ, ಮಬ್ಬು, ಕಡೆಗೆ ಪ್ರಜ್ಞೆ ತಪ್ಪುವುದೂ ಇದೆ. ಅದನ್ನು ಬರೆಯುವ ಮೊದಲು ಉಪವಾಸ ಕೇಳಿದವರು, ನಡುಕ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಿರಿ ಎಂದವರು, ಗಂಗಾವತಿಯ ಸೀಮೆಯಲ್ಲಿ ಮೂರು ಹೊತ್ತೂ ಅನ್ನವೇ ಎಂದು ತಿಳಿದು ಮಧ್ಯಾಹ್ನವಾದರೂ ಜೋಳದ ರೊಟ್ಟಿ, ಪಲ್ಯ, ಬೇಳೆ ತಿನ್ನಿ, ರೊಟ್ಟಿಯೂ ಎಣಿಸಿಯೇ ತಿನ್ನಿ ಎಂದು ಹೇಳಿದವರು, ಅಂಥವರನ್ನು ಬಿಡಬೇಡಿ.

‘ಇದು ನನ್ನ ಕೈ ಮೀರಿದ್ದು’ ಎನ್ನುವ ಡಾಕ್ಟರನ್ನು ಜನ ಕಡಿಮೆ ಎಂದು ತಿಳಿಯುತ್ತಾರೆ. ನಾನು ತಪಾಸಣೆಯಲ್ಲಿ ಅಂಥವರಿಗೆ ಹೆಚ್ಚು ಅಂಕ ಕೊಡುತ್ತಿದ್ದೆ. ಕಳಿಸುವಾಗ ಏನಾಗಿದೆ, ಏನು ಕೊಟ್ಟಿದ್ದೇವೆ ಎಂದು ಕಾಗದ ಬರೆದು ಕೊಪ್ಪಳದ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ, ರಾಯಚೂರಿನ ರಿಮ್ಸ್‌ಗೋ, ಜನ ಇವತ್ತಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೋ ಹೊತ್ತಿಗೆ ಸರಿಯಾಗಿ ಕಳಿಸುವವರು ಜೀವ ಉಳಿಸುತ್ತಾರೆ.

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ ಅನ್ನು ನಿಮ್ಮ ಲೆಕ್ಕದಿಂದ ಬಿಟ್ಟಿದ್ದೀರಿ. ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆಂದೇ ಇರುವ ವಿಭಾಗ ಅದು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್‌ನಂಥ ಗುಳಿಗೆಗಳು ಉಚಿತ. ಸಾಲು ಉದ್ದ, ಒಂದೊಂದು ಸಲ ಔಷಧ ಮುಗಿದಿರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಗುಳಿಗೆ ಅಲ್ಲಿ ಪಡೆದು ಸಲಹೆಯನ್ನು ಡಾಕ್ಟರಮ್ಮನ ಹತ್ತಿರ ಪಡೆಯುವುದರಲ್ಲಿ ತಪ್ಪೇನಿಲ್ಲ. ಎರಡೂ ಕಡೆ ಒಂದೇ ಫೈಲ್ ತೋರಿಸಿದರೆ ಸಾಕು.

ಹಳೇ ಡಾಕ್ಟರನ್ನು ನಾನು ಕೆಟ್ಟವರು ಎನ್ನುತ್ತಿಲ್ಲ, ಅವರನ್ನು ನಾನು ನೋಡಿಲ್ಲ. ಜೋಡಿಸಿದ ಫೈಲ್ ಹಿಡಿದು ಜನ ಕಡಿಮೆ ಇರುವ ಹೊತ್ತಲ್ಲಿ ಅವರ ಹತ್ತಿರವೂ ಹೋಗಿ, ‘ಸಾಹೇಬ್ರೇ, ಮೂರು ತಿಂಗಳ ಸರಾಸರಿ, ಕಿಡ್ನಿ, ಕಣ್ಣು ನೋಡಿಸಿಲ್ಲ, ಸೂಜಿಯಲ್ಲಿ ಏನಿದೆ ಸ್ವಲ್ಪ ಬರೆದು ಕೊಡ್ರಿ’ ಎಂದು ಕೇಳಿ. ಇಷ್ಟು ವರ್ಷದಿಂದ ಅವ್ವನನ್ನು ಬಲ್ಲವರು ‘ಹೌದು, ನೋಡಬೇಕಿತ್ತು, ಕೂಡ್ರಿ’ ಎಂದರೆ ಅಲ್ಲೇ ಮುಂದುವರಿಸಬಹುದು. ‘ನನಗೇ ಹೇಳಿಕೊಡ್ತೀಯಾ’ ಎಂದು ಸಿಟ್ಟಾದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಂತೆ. ಯಾರಿಂದಲಾದರೂ ನಿಜವಾಗಿ ಅನ್ಯಾಯವಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬಹುದು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕೆಪಿಎಂಇ ಪ್ರಾಧಿಕಾರ ದೂರು ಕೇಳುತ್ತದೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ನಿಮ್ಮ ವಿಷಯ ಅಲ್ಲಿಗೆ ಹೋಗುವಂಥದ್ದಾಗಿ ನನಗೆ ಕಾಣುತ್ತಿಲ್ಲ.

ಅವ್ವನ ಕಾಲಿಗೆ ಮರಳಿ ಬರುತ್ತೇನೆ. ಯಾವ ಡಾಕ್ಟರು ಎಂದು ತೀರ್ಮಾನ ಮಾಡಲು ತಿಂಗಳು ಹಿಡಿಯಲಿ, ಕಾಲು ಅಷ್ಟು ದಿನ ಕಾಯುವುದಿಲ್ಲ. ಗಾಯವಿಲ್ಲದಿದ್ದರೂ ಈ ವಾರದೊಳಗೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ, ಹಳಬರು ಕೊಟ್ಟವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ‘ಕಾಲು ಜುಮುಜುಮು ಅನ್ನುತ್ತೆ, ಪಾದ ನೋಡ್ರಿ’ ಎಂದು ಅವ್ವನ ಬಾಯಿಂದಲೇ ಹೇಳಿಸಿ. ಅಲ್ಲಿಯವರೆಗೆ ದಿನಾ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿ ಒಣಗಿಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಲಿ, ಬೆರಳ ಸಂದಿಗೆ ಬೇಡ. ನೀರು ಬಿಸಿ ಇದೆಯೇ ಎಂದು ಅವ್ವ ಕಾಲಿಟ್ಟು ನೋಡುವುದು ಬೇಡ, ಆ ಕಾಲಿಗೆ ಬಿಸಿ ತಿಳಿಯದೆ ಸುಟ್ಟುಕೊಳ್ಳಬಹುದು. ನೀವು ಕೈ ಅದ್ದಿ ನೋಡಿ ಕೊಡಿ. ಬ್ಲೇಡಿನಿಂದ ಹಿಮ್ಮಡಿ ಕೆರೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಗದ್ದೆಗಾಗಲಿ ಹಿತ್ತಲಿಗಾಗಲಿ ಬರಿಗಾಲಲ್ಲಿ ಹೋಗುವುದು ಬೇಡ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಇರಲಿ.